ನಲವತ್ತೆರಡನೆಯ ಕುಳಿ

ನಾನು ನಿವೃತ್ತಳಾದಾಗ ನನಗೆ ಮೂವತ್ತಮೂರು ವರ್ಷ. ಕಂಪನಿ ಕೊಟ್ಟ ಪತ್ರದಲ್ಲಿ ‘ಸ್ವಯಂ ನಿವೃತ್ತಿ’ ಎಂದೇ ಬರೆದಿದೆ. ಅದರಲ್ಲಿ ನಾನು ಸ್ವಯಂ ಮಾಡಿದ್ದು ಸಹಿ ಒಂದೇ. ಒಂಬತ್ತು ವರ್ಷ ಮಾಡಿದ ಆ ಕೆಲಸದಲ್ಲಿ ಈಗ ಉಳಿದಿರುವ ಚೂರುಪಾರಿಗೆ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರಂತೆ. ಧಾರವಾಡದಲ್ಲಿ ನಾನು ಓದಿದ ಭೂವಿಜ್ಞಾನ ವಿಭಾಗದ ಇಬ್ಬರು ಹುಡುಗಿಯರು ಫೋನ್ ಮಾಡಿ, ಕೆಲಸ ಹೇಗಿರುತ್ತದೆ ಮೇಡಂ ಎಂದು ಕೇಳಿದರು. ಚೆನ್ನಾಗಿರುತ್ತದೆ, ಕಣ್ಣು ನೋಡಿಕೊಳ್ಳಿ ಎಂದಷ್ಟೇ ಹೇಳಿದೆ. ಫೋನಿನಲ್ಲಿ ನನಗೆ ಅದಕ್ಕಿಂತ ಹೆಚ್ಚು ಮಾತು ಬರುವುದಿಲ್ಲ. ಉಳಿದದ್ದು ಇಲ್ಲಿದೆ.

ಚಂದ್ರನ ಸುತ್ತ ತಿರುಗುವ ನೌಕೆಗಳು ತೆಗೆದ ಚಿತ್ರಗಳನ್ನು ಚೌಕಗಳಾಗಿ ತುಂಡರಿಸಿ ನಮಗೆ ಕಳಿಸುತ್ತಿದ್ದರು. ಒಂದೊಂದು ತುಂಡೂ ಒಂದು ಟೈಲ್. ಉಲ್ಕೆ ಬಡಿದು ಆದ ಕುಳಿ ಟೈಲಿನಲ್ಲಿ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಮೌಸ್‌ನಿಂದ ಹಸಿರು ವೃತ್ತ ಎಳೆಯಬೇಕು. ಊರಷ್ಟು ಅಗಲದ ದೊಡ್ಡ ಕುಳಿಗಳಿಗೆ ಹೆಸರುಗಳಿವೆ, ಅವುಗಳ ಬಗ್ಗೆ ಬರೆಯುವವರಿದ್ದಾರೆ. ನಮಗೆ ಬರುತ್ತಿದ್ದವು ಸಣ್ಣವು: ಒಂದು ಬಾವಿಯಷ್ಟು, ಹೆಚ್ಚೆಂದರೆ ಒಂದು ಶಾಲೆಯ ಅಂಗಳದಷ್ಟು. ಅವುಗಳಿಗೆ ನಂಬರು ಮಾತ್ರ. ಗಿರಾಕಿಗಳು ಪರದೇಶದವರು, ಮುಂದೆ ನೌಕೆ ಇಳಿಸಬಹುದಾದ ಜಾಗಗಳ ನಕ್ಷೆ ಮಾಡುವವರು. ಇಳಿಯುವ ನೌಕೆಗೆ ಹೆಸರಿರುವ ಕುಳಿಗಿಂತ ನಂಬರಿನ ಕುಳಿಯೇ ಹೆಚ್ಚು ಅಪಾಯ ಎಂದು ತರಬೇತಿಯ ಮೊದಲ ದಿನ ಹೇಳಿದ್ದರು. ಆಮೇಲೆ ಯಾರೂ ಆ ಮಾತನ್ನು ಎತ್ತಲಿಲ್ಲ.

ಆಫೀಸು ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಗುಡ್ಡದ ಮೇಲೆ. ಬಾಲ್ಕನಿಗೆ ಬಂದರೆ ಕೆಳಗೆ ಸಮುದ್ರ. ಒಳಗೆ ಪರದೆ ಎಳೆದು ಕತ್ತಲು ಮಾಡಿರುತ್ತಿದ್ದರು, ಮಾನಿಟರಿನ ಮೇಲೆ ಬೆಳಕು ಬೀಳಬಾರದೆಂದು. ಸೇರಿದ ಮೊದಲ ವಾರವೇ ನಾನೊಂದು ಎಡವಟ್ಟು ಮಾಡಿದೆ. ನನ್ನ ಟೈಲುಗಳಲ್ಲೆಲ್ಲ ಮೇಲಿನ ಬಲಮೂಲೆಯಲ್ಲಿ ಒಂದೇ ಅಳತೆಯ ಸಣ್ಣ ಕುಳಿ ಇರುತ್ತಿತ್ತು. ಮೂರು ದಿನ ಶ್ರದ್ಧೆಯಿಂದ ಅದಕ್ಕೆ ವೃತ್ತ ಹಾಕಿದೆ. ನಾಲ್ಕನೆಯ ದಿನ ಪಕ್ಕದ ಕುರ್ಚಿಯ ಹೆಂಗಸು ತನ್ನ ಸೆರಗಿನ ತುದಿಗೆ ಎಂಜಲು ಹಚ್ಚಿ ನನ್ನ ಮಾನಿಟರಿನ ಪರದೆ ಒರೆಸಿದರು. ಕುಳಿ ಹೋಯಿತು. ನೊಣದ ಹಿಕ್ಕೆ.

“ಇನ್ನು ಚಂದ್ರನ ಮ್ಯಾಲೆ ನೊಣ ಅದಾವು ಅಂತ ಪೇಪರಿಗೆ ಬರ್ತದ ಮಾ,” ಅಂದರು. ಆಫೀಸಿನಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು.

ಅವರು ಶಾರದಕ್ಕ. ತಂದೆ ರಾಯಚೂರು ಕಡೆಯವರು, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಲು ಬಂದು ಅಲ್ಲಿನ ಟೌನ್‌ಶಿಪ್ಪಿನಲ್ಲೇ ಉಳಿದವರು. ಶಾರದಕ್ಕ ಬೆಳೆದದ್ದು, ಓದಿದ್ದು, ಮದುವೆಯಾಗಿದ್ದು ಎಲ್ಲ ಅಲ್ಲೇ. ಅವರ ಕನ್ನಡ ಮನೆಯೊಳಗಿನ ಕನ್ನಡ; ಅಡುಗೆ, ಜ್ವರ, ನೆಂಟರು ಇವನ್ನು ದಾಟಿದರೆ ತೆಲುಗು ಬಂದು ಕೂರುತ್ತಿತ್ತು, ‘ಅಲ್ಲವೇ’ ಎನ್ನಲು ‘ಕದಾ’ ಅನ್ನುತ್ತಿದ್ದರು. ಆಗ ಅವರಿಗೆ ನಲವತ್ತೈದರ ಮೇಲೆ. ಮದುವೆಗೆ ಮುಂಚೆ ಒಂದು ಗುತ್ತಿಗೆದಾರ ಕಂಪನಿಯ ನಕ್ಷೆ ವಿಭಾಗದಲ್ಲಿ ಟ್ರೇಸರ್ ಆಗಿದ್ದರು: ಇಂಜಿನಿಯರ್ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಶಾಯಿಯಲ್ಲಿ ತಿದ್ದುವುದು. ಕಂಪ್ಯೂಟರ್ ಬಂತು, ಟ್ರೇಸರುಗಳನ್ನು ಮನೆಗೆ ಕಳಿಸಿದರು. ಹದಿನೈದು ವರ್ಷ ಮನೆಯಲ್ಲಿದ್ದು ಆಮೇಲೆ ಸಿಕ್ಕ ಕೆಲಸ ಇದು. ಟೌನ್‌ಶಿಪ್ಪಿನಿಂದ ಋಷಿಕೊಂಡಕ್ಕೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ, ಎರಡು ಬಸ್ಸು. ಒಂದು ದಿನವೂ ತಡವಾಗಿ ಬಂದದ್ದಿಲ್ಲ. ಈ ಕೆಲಸ ಹೋದರೆ ಮೂರನೆಯದು ತನಗೆ ಸಿಗುವುದಿಲ್ಲ ಎಂದು ಒಮ್ಮೆ ನನ್ನ ಮುಂದೆ ಲೆಕ್ಕ ಹೇಳಿದಂತೆ ಹೇಳಿದ್ದರು. ಅದರಲ್ಲಿ ಅಳು ಇರಲಿಲ್ಲ.

ಹೊಸಬರು ಮೊದಲು ಕಲಿಯಬೇಕಾದದ್ದು ಬೆಳಕು. ಸೂರ್ಯ ಎಡಗಡೆಯಿಂದ ಬೀಳುತ್ತಿದ್ದರೆ ಕುಳಿಯ ಎಡ ಗೋಡೆ ಕಪ್ಪಗೆ, ಬಲ ಗೋಡೆ ಬೆಳ್ಳಗೆ ಕಾಣುತ್ತದೆ. ದಿಬ್ಬವಾದರೆ ಇದಕ್ಕೆ ತಿರುಗುಮುರುಗು. ಆದ್ದರಿಂದ ಬೆಳಕು ಯಾವ ಕಡೆಯದು ಎಂದು ತಪ್ಪಾಗಿ ತಿಳಿದರೆ ಗುಂಡಿಯೇ ದಿಬ್ಬವಾಗಿ ಉಬ್ಬಿ ನಿಲ್ಲುತ್ತದೆ. ಎಷ್ಟು ದಿಟ್ಟಿಸಿದರೂ ಇಳಿಯುವುದಿಲ್ಲ. ಅದಕ್ಕೇ ಟೈಲಿನ ಮೂಲೆಯಲ್ಲಿ ಸೂರ್ಯನ ದಿಕ್ಕಿಗೆ ಒಂದು ಬಾಣ ಕೊಟ್ಟಿರುತ್ತಿದ್ದರು. ನಾವೆಲ್ಲ ಬಾಣ ನೋಡುತ್ತಿದ್ದೆವು. ಶಾರದಕ್ಕ ಬಾಣ ನೋಡಿ, ಆಮೇಲೆ ಟೈಲಿನಲ್ಲಿ ಬಿಡಿ ಕಲ್ಲುಗಳನ್ನು ಹುಡುಕಿ ಅವುಗಳ ನೆರಳು ನೋಡುತ್ತಿದ್ದರು. ಕಲ್ಲು ಯಾವತ್ತೂ ಗುಂಡಿಯಾಗುವುದಿಲ್ಲ, ಅದರ ನೆರಳು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ವಾದ. ಇದರಿಂದ ಅವರ ಟೈಲುಗಳು ನಿಧಾನವಾಗುತ್ತಿದ್ದವು.

ನಮ್ಮ ಟೀಮ್ ಲೀಡ್ ಪ್ರಸಾದ್ ಗಾರು. ಇದಕ್ಕೆ ಮುಂಚೆ ಆಸ್ಪತ್ರೆಗಳ ವಿಮೆಯ ಕಾಗದ ನೋಡುವ ಕಚೇರಿಯಲ್ಲಿದ್ದವರು. ಕೆಟ್ಟವರಲ್ಲ, ಹಬ್ಬಕ್ಕೆ ಎಲ್ಲರಿಗೂ ಪೂತರೇಕುಲು ಎಂಬ ಸಿಹಿ ತರುತ್ತಿದ್ದರು. ಒಂದು ಟೈಲಿನಲ್ಲಿ ಅನುಮಾನ ಬಂದು ಕೇಳಲು ಹೋದರೆ ಅವರ ಉತ್ತರ ಯಾವಾಗಲೂ ಒಂದೇ. “ಚಂದಮಾಮ ಮೀದ ಏಮುಂಟೇ ಏಮಮ್ಮಾ, ಸ್ಕೋರ್ ಚೂಸುಕೋ.” ಚಂದ್ರನ ಮೇಲೆ ಏನಾದರೂ ಇರಲಿ, ನಿನ್ನ ಸ್ಕೋರ್ ನೋಡಿಕೋ.

ಈ ಸ್ಕೋರಿನ ಕತೆ ಹೀಗೆ. ಪ್ರತಿ ಟೈಲೂ ಮೂವರಿಗೆ ಹೋಗುತ್ತಿತ್ತು. ಯಾರು ಯಾರೆಂದು ಒಬ್ಬರಿಗೊಬ್ಬರಿಗೆ ಗೊತ್ತಿರಬಾರದು. ಇಬ್ಬರಾದರೂ ವೃತ್ತ ಹಾಕಿದ ಕುಳಿ ಉಳಿಯುತ್ತದೆ. ಒಬ್ಬರೇ ಹಾಕಿದ ಕುಳಿ ಅಳಿಯುತ್ತದೆ, ಹಾಕಿದವರ ಸ್ಕೋರ್ ಇಳಿಯುತ್ತದೆ. ಅಂದರೆ ನಿಮ್ಮ ಕಣ್ಣು ಎಷ್ಟು ಸರಿ ಎಂದು ಯಾರೂ ಅಳೆಯುತ್ತಿರಲಿಲ್ಲ. ಬೇರೆಯವರ ಹಾಗೆ ಎಷ್ಟು ನೋಡುತ್ತೀರಿ ಎಂದು ಅಳೆಯುತ್ತಿದ್ದರು.

ಇದರಿಂದ ಹುಟ್ಟಿದ ಪದ್ಧತಿಗೆ ಆಫೀಸಿನಲ್ಲಿ ‘ಮ್ಯಾಚಿಂಗ್’ ಎನ್ನುತ್ತಿದ್ದರು. ಚಹಾದ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತು ಯಾರ ಹತ್ತಿರ ಯಾವ ನಂಬರಿನ ಟೈಲ್ ಇದೆ ಎಂದು ಪತ್ತೆ ಮಾಡುವುದು. ಒಂದೇ ಟೈಲ್ ಸಿಕ್ಕಿದ್ದರೆ ಎಷ್ಟು ಕುಳಿ ಬಂದವು ಎಂದು ಕೇಳುವುದು. ಹೊಂದದಿದ್ದರೆ ಒಳಗೆ ಹೋಗಿ ಹೊಂದಿಸುವುದು. ನಾನು ಮ್ಯಾಚಿಂಗ್ ಮಾಡುತ್ತಿದ್ದದ್ದು ಸುಧೀರ್ ಎಂಬ ಶ್ರೀಕಾಕುಳಂ ಕಡೆಯವನ ಜೊತೆ. ಅವನದು ಮಾತು ಕಡಿಮೆ, ನನ್ನದೂ ಕಡಿಮೆ. ಅಂಕಿ ಹೇಳಿ ಚಹಾ ಮುಗಿಸುತ್ತಿದ್ದೆವು. ಶಾರದಕ್ಕ ಇದಕ್ಕೆ ಎಂದೂ ಸೇರಲಿಲ್ಲ. ತಾನು ನೋಡಿದ್ದನ್ನು ಇನ್ನೊಬ್ಬರನ್ನು ಕೇಳಿ ಹೇಳುವುದಾದರೆ ನೋಡುವುದು ಏತಕ್ಕೆ ಎಂದು ಕೇಳುತ್ತಿದ್ದರು. ಅವರ ಸ್ಕೋರ್ ಯಾವಾಗಲೂ ಕಂಪನಿ ಇಟ್ಟ ಕನಿಷ್ಠ ಅಂಕದ ಗೆರೆಯ ಮೇಲೆ ತೂಗಾಡುತ್ತಿತ್ತು.

ನನ್ನ ನಾಲ್ಕನೆಯ ವರ್ಷದಲ್ಲಿ ಗೆರೆಯನ್ನು ಮೇಲೆತ್ತಿದರು. ತಿಂಗಳ ಕೊನೆಗೆ ಅದರ ಕೆಳಗಿರುವವರನ್ನು ತೆಗೆಯಲಾಗುವುದು ಎಂದು ಪ್ರಸಾದ್ ಗಾರು ಮೀಟಿಂಗಿನಲ್ಲಿ ನೆಲ ನೋಡುತ್ತ ಹೇಳಿದರು. ಅದೇ ತಿಂಗಳು ವಿಜಯವಾಡದ ಪರಿಶೀಲನಾ ಆಫೀಸಿಗೆ ಒಬ್ಬರನ್ನು ಆರಿಸುವುದಿತ್ತು. ನನ್ನ ಹೆಸರು ಮೇಲಿದೆ ಎಂದು ನನಗೆ ಗೊತ್ತಿತ್ತು.

ಆ ಟೈಲ್ ಬಂದದ್ದು ಆಗ. ಎರಡು ಬೇರೆ ಬೇರೆ ಚಿತ್ರಗಳನ್ನು ಹೊಲಿದು ಮಾಡಿದ ಟೈಲ್ ಅದು. ಬಹುಪಾಲು ಒಂದೇ ಚಿತ್ರ, ಬಲ ಅಂಚಿನಲ್ಲಿ ಮಾತ್ರ ಬೆರಳಗಲದ ಪಟ್ಟಿ ಇನ್ನೊಂದು ಚಿತ್ರದ್ದು. ಹೊಲಿಗೆ ಕಾಣದಂತೆ ಬಣ್ಣ ಸರಿಮಾಡಿದ್ದರು. ಬಾಣ ಒಂದೇ ಇತ್ತು, ದೊಡ್ಡ ಚಿತ್ರದ್ದು, ಬೆಳಕು ಎಡದಿಂದ ಎಂದು. ನಾನು ನಲವತ್ತೆರಡು ವೃತ್ತ ಹಾಕಿದ್ದೆ. ಬಾಲ್ಕನಿಯಲ್ಲಿ ಸುಧೀರ್ ನಲವತ್ತೊಂದು ಎಂದ. ಒಳಗೆ ಬಂದು ಹೆಚ್ಚಿನದು ಯಾವುದೆಂದು ಹುಡುಕಿದೆ. ಆ ಅಂಚಿನ ಪಟ್ಟಿಯಲ್ಲಿ ಒಂಟಿಯಾಗಿದ್ದ ಒಂದು ಕುಳಿ, ಅಗಲ ಒಂದು ಸಣ್ಣ ಮನೆಯಷ್ಟು. ಎಡಕ್ಕೆ ಬೆಳ್ಳಗೆ, ಬಲಕ್ಕೆ ಕಪ್ಪಗೆ. ಬಾಣದ ಪ್ರಕಾರ ದಿಬ್ಬ. ಯಾವ ಅವಸರದಲ್ಲಿ ಅದಕ್ಕೆ ವೃತ್ತ ಹಾಕಿದೆನೋ ಎಂದುಕೊಂಡು ಅಳಿಸಿ ಕಳಿಸಿದೆ.

ನಾಲ್ಕು ದಿನದ ನಂತರ ಶಾರದಕ್ಕ ಚಹಾದ ಹೊತ್ತಿಗೆ ನನ್ನ ಪಕ್ಕ ಬಂದು ನಿಂತರು. ಒಂದು ವೃತ್ತ ಒಂಟಿಯಾಗಿ ಬಿದ್ದು ಸ್ಕೋರ್ ಗೆರೆಯ ಕೆಳಗೆ ಹೋಗಿದೆ ಎಂದರು. ಆಕ್ಷೇಪ ಸಲ್ಲಿಸಿದ್ದರಂತೆ. ಒಳಗೆ ಫೋನ್ ಒಯ್ಯುವಂತಿರಲಿಲ್ಲ, ಹಾಗಾಗಿ ಚಿತ್ರ ತೋರಿಸಲು ಅವರ ಹತ್ತಿರ ಏನೂ ಇಲ್ಲ. ಬಸ್ ಪಾಸಿನ ಜೆರಾಕ್ಸಿನ ಹಿಂದೆ ಪೆನ್ಸಿಲ್‌ನಿಂದ ಆ ಅಂಚನ್ನು ನೆನಪಿನಿಂದಲೇ ಬರೆದು ತಂದಿದ್ದರು. ಹೊಲಿಗೆಯ ಗೆರೆ, ಕುಳಿ, ಅದರ ಕೆಳಗೆ ಜೋಳದ ಕಾಳಿನಷ್ಟು ಐದು ಕಲ್ಲು. ಪ್ರತಿ ಕಲ್ಲಿಗೂ ಎಡಗಡೆ ಒಂದು ಸಣ್ಣ ಕಪ್ಪು ಗೀರು. ನೋಡಿದ ಕೂಡಲೇ ನನಗೆ ಟೈಲ್ ಗುರುತು ಸಿಕ್ಕಿತು.

“ನೀ ಭೂವಿಜ್ಞಾನ ಓದೀದಿ. ಹೇಳು, ಇದು ತಗ್ಗೋ ದಿಬ್ಬೋ?”

“ಶಾರದಕ್ಕ, ಟೈಲಿನ ಬಗ್ಗೆ ಹೊರಗ ಮಾತಾಡಬಾರ್ದು ಅಂತ ರೂಲ್ ಐತ್ರಿ.”

ಅವರು ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ ಸುಧೀರ್ ಕಡೆ ನೋಡಿದರು.

“ಸುಧೀರ್ ಜೊತಿ ದಿನಾ ಏನ್ ಮಾತಾಡ್ತಿ ಮತ್ತ? ಸಿನಿಮಾ ಕದಾ?”

ಅವರು ಕಾಗದವನ್ನು ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡರು. ಉಳಿದ ಇಬ್ಬರು ಯಾರೆಂದು ಅವರಿಗೆ ಗೊತ್ತಾದದ್ದು ಆ ಕ್ಷಣದಲ್ಲೇ ಇರಬೇಕು. ನಾನು ಚಹಾದ ಲೋಟವನ್ನು ಬುಟ್ಟಿಗೆ ಹಾಕಿ ಒಳಗೆ ಹೋದೆ.

ಮರುದಿನ ಬೆಳಿಗ್ಗೆ, ಟೈಲಿನ ಉಳಿದ ಇಬ್ಬರಿಗೆ ಹೋಗುವ ಆಕ್ಷೇಪದ ಮೇಲ್ ನನಗೆ ಬಂತು. ಆ ಕುಳಿಯ ನಂಬರು, ಟೈಲಿಗೆ ಕೊಂಡಿ, ಕೆಳಗೆ ಒತ್ತಲು ಎರಡು ಗುಂಡಿ: ‘ನಿರ್ಧಾರ ಬದಲಿಸುತ್ತೇನೆ’, ‘ನಿರ್ಧಾರಕ್ಕೆ ಬದ್ಧ’. ಟೈಲ್ ತೆರೆದೆ. ಅಂಚನ್ನು ದೊಡ್ಡದು ಮಾಡಿದೆ. ಐದು ಕಲ್ಲುಗಳಿದ್ದವು. ನೆರಳುಗಳು ಎಡಕ್ಕೆ ಬಿದ್ದಿದ್ದವು. ಆ ಪಟ್ಟಿಯಲ್ಲಿ ಬೆಳಕು ಬಲದಿಂದ. ಹಾಗೆ ತಿಳಿದು ನೋಡಿದ ತಕ್ಷಣ ದಿಬ್ಬ ಒಳಕ್ಕೆ ಕುಸಿದು ಕುಳಿಯಾಯಿತು, ಮತ್ತೆ ಉಬ್ಬಲೇ ಇಲ್ಲ. ಭೂವಿಜ್ಞಾನದ ಮೊದಲ ವರ್ಷದ ವಿದ್ಯಾರ್ಥಿಗೂ ಇದರಲ್ಲಿ ಅನುಮಾನ ಬರುವಂತಿರಲಿಲ್ಲ.

ಬದಲಿಸಿದರೆ ತಪ್ಪು ನನ್ನ ಲೆಕ್ಕಕ್ಕೆ ಬರುತ್ತದೆ. ನಾನೊಬ್ಬಳೇ ಬದಲಿಸಿ ಸುಧೀರ್ ಬದಲಿಸದಿದ್ದರೂ ವೃತ್ತ ಉಳಿಯುತ್ತದೆ, ಆದರೆ ಇಬ್ಬರೂ ಒಂದೇ ರೀತಿ ತಪ್ಪಿದ್ದು ಹೇಗೆ ಎಂದು ಯಾರಾದರೂ ಕೇಳಬಹುದು. ವಿಜಯವಾಡದ ಆಯ್ಕೆಗೆ ಇನ್ನು ಒಂದು ವಾರವಿತ್ತು. ಇದನ್ನೆಲ್ಲ ಯೋಚಿಸಲು ಎಷ್ಟು ಹೊತ್ತು ತೆಗೆದುಕೊಂಡೆ ಎಂದು ನೆನಪಿಲ್ಲ. ಹೆಚ್ಚು ಇರಲಿಕ್ಕಿಲ್ಲ. ‘ನಿರ್ಧಾರಕ್ಕೆ ಬದ್ಧ’ ಒತ್ತಿದೆ. ಒತ್ತಿದ ಮೇಲೆ ಪರದೆಯಲ್ಲಿ ‘ನಿಮ್ಮ ಸಹಕಾರಕ್ಕೆ ವಂದನೆ’ ಎಂದು ಬಂತು.

ತಿಂಗಳ ಕೊನೆಗೆ ಆರು ಜನರನ್ನು ತೆಗೆದರು. ಶಾರದಕ್ಕ ತಮ್ಮ ನೀರಿನ ಬಾಟಲಿ, ಕನ್ನಡಕದ ಪೆಟ್ಟಿಗೆ ಮತ್ತು ಕುರ್ಚಿಗೆ ಹಾಕಿಕೊಂಡಿದ್ದ ದಿಂಬು ಚೀಲಕ್ಕೆ ತುಂಬಿದರು. ಎಲ್ಲರಿಗೂ ಹೋಗಿಬರುತ್ತೇನೆಂದು ತೆಲುಗಿನಲ್ಲಿ ಹೇಳಿದರು. ನನ್ನ ಹತ್ತಿರ ಬಂದಾಗ ಕನ್ನಡಕ್ಕೆ ಬದಲಾಯಿಸಿದರು.

“ಒಮ್ಮೆ ಕಂಪ್ಯೂಟರ್ ಬಂದು ಮನಿಗಿ ಕಳಿಸ್ತು. ಈ ಸಲ ಮನಷ್ಯಾರ ಕಳಿಸಿದ್ರು ನೋಡು ಅಶ್ವಿನಿ.”

ಅವರ ಧ್ವನಿ ಹಾಸ್ಯದ್ದೇ. ಪ್ರಸಾದ್ ಗಾರು ಅವರನ್ನು ಲಿಫ್ಟಿನವರೆಗೆ ಬಿಟ್ಟುಬಂದರು. ಆಮೇಲೆ ನನ್ನ ಕುರ್ಚಿಯ ಪಕ್ಕ ನಿಂತು, ಒಳ್ಳೆಯ ಕೆಲಸಗಾರ್ತಿಯಮ್ಮಾ, ಹೊಂದಾಣಿಕೆ ಇರಲಿಲ್ಲ ಎಂದರು.

ವಿಜಯವಾಡದ ಐದು ವರ್ಷಗಳ ಬಗ್ಗೆ ಹೇಳುವುದು ಕಡಿಮೆ. ಬೆಂಜ್ ಸರ್ಕಲ್ಲಿನ ಹಿಂದೆ ಆಫೀಸು, ಅಲ್ಲೇ ನಡೆದು ಹೋಗುವಷ್ಟು ದೂರದಲ್ಲಿ ಮಹಡಿಯ ಮೇಲೊಂದು ಕೋಣೆ. ಬೇಸಿಗೆಯಲ್ಲಿ ಸಂಜೆ ಏಳಕ್ಕೂ ನಲ್ಲಿಯ ನೀರು ಬಿಸಿ ಬರುತ್ತಿತ್ತು. ಮನೆಯೊಡತಿ ನಾನು ಚಂದ್ರನ ಕೆಲಸದವಳೆಂದು ತಿಳಿದು, ಗ್ರಹಣದ ದಿನ ಬಸುರಿ ಸೊಸೆ ತರಕಾರಿ ಹೆಚ್ಚಬಹುದೇ ಎಂದು ಕೇಳಲು ಬಂದಿದ್ದರು. ಹೆಚ್ಚಬಹುದು ಎಂದೆ. ಅವರು ನಂಬಲಿಲ್ಲ, ಆದರೆ ಆಫೀಸಿನವರು ಹೇಳಿದರು ಎಂದು ಸೊಸೆಗೆ ಅನುಮತಿ ಕೊಟ್ಟರು. ಆ ಊರಿನಲ್ಲಿ ನನ್ನ ಶಿಕ್ಷಣದಿಂದ ಒಬ್ಬರಿಗೆ ಉಪಯೋಗವಾದದ್ದು ಅದೊಂದೇ ಸಲ.

ಪರಿಶೀಲಕರಿಗೆ ಒಂದೇ ಜಾಗದ ಬೇರೆ ಬೇರೆ ಹೊತ್ತಿನ ಚಿತ್ರಗಳನ್ನು ತೆರೆಯುವ ಅಧಿಕಾರವಿತ್ತು. ಮೊದಲ ದಿನವೇ ಆ ನಂಬರು ಹಾಕಿ ನೋಡಬಹುದಾಗಿತ್ತು. ನೋಡಿದ್ದು ಎರಡನೆಯ ವರ್ಷದ ಕೊನೆಗೆ. ಅದೇ ಸುತ್ತಿನ ಹಳೆಯ ಟೈಲುಗಳನ್ನು, ತಾನೇ ಕುಳಿ ಗುರುತಿಸಬೇಕಾದ ಯಂತ್ರಕ್ಕೆ ಕಲಿಸಲು ಆಯುತ್ತಿದ್ದೆವು, ಅದು ತಾನಾಗಿ ಮುಂದೆ ಬಂತು. ಸೂರ್ಯ ತುಂಬ ಕೆಳಗಿದ್ದಾಗ ತೆಗೆದ ಒಂದು ಚಿತ್ರದಲ್ಲಿ ಕುಳಿ ಶಾಯಿ ತುಂಬಿದ ಬಟ್ಟಲಿನಂತೆ ಪೂರ್ತಿ ಕಪ್ಪಾಗಿತ್ತು. ಅಂಚು ಹರಿತವಾಗಿತ್ತು, ಅಂದರೆ ತೀರ ಹಳೆಯದಲ್ಲ. ಐದು ಕಲ್ಲುಗಳು ಅದು ಆದಾಗ ಹೊರಗೆ ಚಿಮ್ಮಿದವೇ.

ಮುಗಿದ ಟೈಲನ್ನು ತಿದ್ದಲು ದೋಷದ ವರದಿ ಬರೆಯಬೇಕು, ಅದರಲ್ಲಿ ತಪ್ಪಿದವರ ಹೆಸರು ತಾನಾಗಿ ತುಂಬಿಕೊಳ್ಳುತ್ತದೆ. ಬರೆದೆ. ಫೋನ್ ಬರಬಹುದೆಂದು ಎರಡು ದಿನ ಕಾದೆ. ಆಗ ಎರಡೂ ಆಫೀಸು ನೋಡಿಕೊಳ್ಳುತ್ತಿದ್ದ ಪ್ರಸಾದ್ ಗಾರು ಮೂರನೆಯ ದಿನ ಬೇರೆ ವಿಷಯಕ್ಕೆ ಫೋನ್ ಮಾಡಿ, ಹಳೆಯದನ್ನೆಲ್ಲ ಏಕೆ ಕೆದಕುತ್ತೀಯಮ್ಮಾ ಎಂದು ನಕ್ಕರು. ಕುಳಿ ಪಟ್ಟಿಗೆ ಸೇರಿತು. ನನ್ನ ಸ್ಕೋರ್ ದಶಮಾಂಶ ಬಿಂದುವಿನ ಆಚೆಗಿನ ಎರಡನೆಯ ಅಂಕಿಯಲ್ಲಿ ಬದಲಾಯಿತು. ಯಾರೂ ಏನೂ ಕೇಳಲಿಲ್ಲ. ಋಷಿಕೊಂಡದಲ್ಲಿ ನಾನು ಹೆದರಿದ್ದು ಅಷ್ಟಕ್ಕೆ.

ಆಮೇಲಿನದು ಬೇಗ ಹೇಳಿಬಿಡಬಹುದು. ನಮ್ಮ ವೃತ್ತಗಳಿಂದ ಯಂತ್ರ ಕಲಿಯಿತು. ಮೊದಲು ಅದು ಹಾಕಿದ್ದನ್ನು ನಾವು ತಿದ್ದುತ್ತಿದ್ದೆವು, ಆಮೇಲೆ ಒಪ್ಪುತ್ತಿದ್ದೆವು, ಕೊನೆಗೆ ನಮ್ಮ ಒಪ್ಪಿಗೆಯೂ ಬೇಡವಾಯಿತು. ಯಂತ್ರ ಹೊಲಿಗೆಯ ಅಂಚಿನಲ್ಲಿ ಪದೇ ಪದೇ ಎಡವುತ್ತದೆ ಎಂದು ಗಿರಾಕಿಗಳು ದೂರಿದಾಗ ಪ್ರಸಾದ್ ಗಾರು ಕಾರಣ ಹುಡುಕಲು ಹೇಳಿದರು. ಹುಡುಕುವುದೇನೂ ಇರಲಿಲ್ಲ. ಅಂಚಿನಲ್ಲಿ ಸರಿಯಾಗಿ ನೋಡುತ್ತಿದ್ದವರ ವೃತ್ತಗಳನ್ನು ನಾವು ಒಂದೊಂದಾಗಿ ಅಳಿಸಿದ್ದೆವು. ಅದು ನಮ್ಮಿಂದಲೇ ಕಲಿತಿತ್ತು. ಹಾಗೆಂದೇ ಬರೆದುಕೊಟ್ಟೆ. ಆ ವರದಿಯನ್ನು ಯಾರಾದರೂ ಓದಿದರೋ ತಿಳಿಯದು. ಮೂರು ತಿಂಗಳಿಗೆ ನಿವೃತ್ತಿಯ ಪತ್ರ ಬಂತು.

ಊರಿಗೆ ಹಿಂತಿರುಗುವ ಮುಂಚೆ ವಿಶಾಖಪಟ್ಟಣಕ್ಕೆ ಹೋದೆ. ಟೌನ್‌ಶಿಪ್ಪಿನಲ್ಲಿ ಶಾರದಕ್ಕನ ಮನೆ ಎರಡನೆಯ ಮಹಡಿ. ಬಾಗಿಲು ತೆರೆದದ್ದು ಮಗಳು, ಡಿಗ್ರಿ ಓದುತ್ತಿದ್ದವಳು. ಯಜಮಾನರು ಶಿಫ್ಟಿಗೆ ಹೋಗಿದ್ದರು, ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಶಾರದಕ್ಕ ನನ್ನನ್ನು ಕೂರಿಸಿ ನೀರು ಕೊಟ್ಟರು. ಬಸ್ಸಿಗೆ ಬಂದೆಯಾ ಟ್ರೇನಿಗೆ ಬಂದೆಯಾ, ವಿಜಯವಾಡದಲ್ಲಿ ಸೆಕೆ ಹೇಗೆ, ತಾಯಿ ಆರೋಗ್ಯವೇ ಎಂದೆಲ್ಲ ಕೇಳಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆ ಕೆಲಸದ ನಂತರ ಬೇರೆಲ್ಲೂ ಸೇರಲಿಲ್ಲವಂತೆ. ಕೇಳಿದ ಕಡೆಯಲ್ಲೆಲ್ಲ ವಯಸ್ಸು ಕೇಳಿದರಂತೆ.

ನಾನು ವಿಷಯ ಹೇಳಿದೆ. ಆ ಕುಳಿ ಈಗ ಪಟ್ಟಿಯಲ್ಲಿದೆ, ನಿಮ್ಮ ವೃತ್ತ ಇದ್ದ ಜಾಗದಲ್ಲೇ, ನೀವು ಸರಿ ಎಂದೆ.

“ತಗ್ಗಂತ ನನಗ ಗೊತ್ತಿತ್ತು ಕದಾ,” ಅಂದರು. “ಅದನ್ನ ಹೇಳ್ಲಿಕ್ಕ ಇಷ್ಟು ದೂರ ಬರೋದು ಬೇಕಿದ್ದಿಲ್ಲ.”

ಆಮೇಲೆ ಕೇಳಿದರು. “ಆವತ್ತು ಮೇಲ್ ಬಂದಾಗ ನೀ ತಗದು ನೋಡಿದ್ದೇನು? ನೋಡ್ಲಾರದ ಒತ್ತಿದ್ದೇನು?”

ಎರಡನೆಯದನ್ನು ಅವರು ನನಗಾಗಿಯೇ ಸೇರಿಸಿದ್ದರು. ಅಷ್ಟು ವರ್ಷ ಅವರು ನಂಬಿಕೊಂಡು ಬಂದದ್ದೂ ಅದನ್ನೇ ಇರಬೇಕು. ಹೌದೆಂದರೆ ಅಲ್ಲಿಗೆ ಮುಗಿಯುತ್ತಿತ್ತು, ಊಟ ಮಾಡಿಕೊಂಡು ಹೊರಡಬಹುದಿತ್ತು.

“ನೋಡಿದ್ನಿರಿ ಅಕ್ಕಾ. ಕಲ್ಲಿನ ನೆರಳೂ ನೋಡಿದ್ದೆ.”

ಶಾರದಕ್ಕ ಟೀಪಾಯಿಯ ಮೇಲಿದ್ದ ನನ್ನ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು. ಒಳಬಾಗಿಲಿನ ಪರದೆ ಬಿದ್ದುಕೊಂಡಿತು. ನಾನು ಕಾದೆ. ಹತ್ತು ನಿಮಿಷವಾಗಿರಬೇಕು, ಪರದೆಯಾಚೆಯಿಂದ ಮಗಳು ಬಂದಳು. ಬಂದವಳು ನನ್ನ ಮುಖ ನೋಡಲಿಲ್ಲ.

“ಅಮ್ಮ ಪಡುಕುಂದಂಡಿ,” ಎಂದಳು. ಆಮೇಲೆ ನಾನು ಕನ್ನಡದವಳೆಂದು ನೆನಪಾಗಿ ಮಾತು ಹುಡುಕಿ, “ಮಲಗ್ಯಾರ,” ಎಂದು ಸೇರಿಸಿದಳು.

ಬೆಳಗಿನ ಹನ್ನೊಂದೂವರೆ. ಸರಿಯಮ್ಮಾ ಎಂದು ಎದ್ದೆ. ಹೊಸ್ತಿಲಾಚೆ ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಕುಕ್ಕರ್ ಕೂಗಿತು. ಒಂದು, ಎರಡು. ಮೂರನೆಯ ಸೀಟಿಗೆ ಯಾರೋ ಒಲೆ ಆರಿಸಿದರು. ಹುಡುಗಿ ಇನ್ನೂ ಬಾಗಿಲು ಹಿಡಿದುಕೊಂಡು ನನ್ನೆದುರಿಗೇ ನಿಂತಿದ್ದಳು.